"ನೋಬಡಿ ಕೇರ್ಡ್" ಅಂತ ಬಂದ್ರೆ ಮೊದಲು ವೈಫೈ ಡ್ರೈವರ್ ಮೇಲೆ ಕೈ ಹಾಕಬೇಡಿ

ಲಿನಕ್ಸ್ ಕರ್ನಲ್‌ನ (ಸಿಸ್ಟಮ್‌ನ ತಿರುಳಿನ) ಲಾಗ್‌ನಲ್ಲಿ "ಐಆರ್‌ಕ್ಯು 17: ನೋಬಡಿ ಕೇರ್ಡ್" ಅನ್ನೋ ಸಾಲು (17ನೇ ಲೈನ್‌ನಲ್ಲಿ ಬಂದ ಇಂಟರಪ್ಟನ್ನ, ಅಂದ್ರೆ ಹಾರ್ಡ್‌ವೇರ್ ಸಿಪಿಯುನ ಕರೆಯೋ ಸಿಗ್ನಲನ್ನ, ಯಾರೂ ತಮ್ಮದು ಅನ್ನಲಿಲ್ಲ ಅಂತ) ಕಂಡ ತಕ್ಷಣ ಜನ ಬೂಟ್ ಮಾಡಿಸೋ ಗ್ರಬ್‌ಗೆ ಹೋಗಿ ಐಆರ್‌ಕ್ಯುಪೋಲ್ (ಯಾರೂ ಒಪ್ಪದ ಇಂಟರಪ್ಟ್‌ಗೆ ಎಲ್ಲ ಡ್ರೈವರ್‌ಗಳನ್ನೂ ಕೇಳಿನೋಡೋ ಆಯ್ಕೆ) ಹಾಕ್ತಾರೆ, ಅದು ಆಗ್ಲಿಲ್ಲ ಅಂದ್ರೆ ನೋಎಂಎಸ್‌ಐ (ಎಂಎಸ್‌ಐ ಅನ್ನೋ ಹೊಸ ಥರದ ಇಂಟರಪ್ಟ್ ಬಂದ್ ಮಾಡೋ ಆಯ್ಕೆ), ಅದೂ ಆಗ್ಲಿಲ್ಲ ಅಂದ್ರೆ ಇರೋ ವೈಫೈ ಡ್ರೈವರ್ ಕಿತ್ತಾಕಿ ಎಲ್ಲಿಂದಲೋ ಇನ್ನೊಂದು ಇಳಿಸಿ ಕಂಪೈಲ್ ಮಾಡ್ಕೊಂಡು ಕೂರ್ತಾರೆ. ಮಷೀನ್ ನನ್ನ ಕೈಗೆ ಬರೋ ಹೊತ್ತಿಗೆ ಮೂರೂ ಒಟ್ಟಿಗೆ ಇರುತ್ತೆ, ಮೂಲ ತೊಂದರೆ ಎಲ್ಲಿತ್ತು ಅನ್ನೋದೇ ಮುಚ್ಚಿಹೋಗಿರುತ್ತೆ.

ಎಷ್ಟು ಸಲ ಹೇಳಿದ್ರೂ ಇನ್ನೊಂದು ಸಲ ಹೇಳ್ತೀನಿ, ಆ 17 ಅನ್ನೋದು ಲೈನ್ ನಂಬರ್, ಡಿವೈಸ್ ನಂಬರ್ ಅಲ್ಲ. ಹಳೇ ಥರದ ಐಎನ್‌ಟಿಎಕ್ಸ್ ಇಂಟರಪ್ಟ್‌ನಲ್ಲಿ ಒಂದೇ ಲೈನ್‌ಗೆ ವೈಫೈ ಕಾರ್ಡು, ಯುಎಸ್‌ಬಿ ಕಂಟ್ರೋಲರ್ರು, ಇನ್ನೊಂದು ಮತ್ತೊಂದು ಎಲ್ಲ ಸೇರಿರುತ್ತೆ, ನಾಲ್ಕು ಮನೆಗೆ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ. ಲೈನ್ ಎಳೆದು ಹಿಡಿದ ಡಿವೈಸ್ ಅದನ್ನ ಬಿಡೋ ತನಕ ಇಂಟರಪ್ಟ್ ಬರ್ತಾನೇ ಇರುತ್ತೆ. ಕರ್ನಲ್ ಆ ಲೈನ್‌ನಲ್ಲಿರೋ ಪ್ರತಿ ಡ್ರೈವರ್‌ನೂ ಕೇಳುತ್ತೆ, ಪ್ರತಿಯೊಂದೂ ತನ್ನ ಚಿಪ್‌ನ ಸ್ಟೇಟಸ್ ರಿಜಿಸ್ಟರ್ (ಚಿಪ್ ತನ್ನ ಸ್ಥಿತಿ ತೋರಿಸೋ ಜಾಗ) ನೋಡಿ "ನಂದು" ಅಥವಾ "ನಂದಲ್ಲ" ಅನ್ನುತ್ತೆ. 1,00,000 ಇಂಟರಪ್ಟ್‌ನಲ್ಲಿ 99,900ಕ್ಕಿಂತ ಹೆಚ್ಚು ಸಲ ಎಲ್ಲರೂ ನಂದಲ್ಲ ಅಂದ್ರೆ ಕರ್ನಲ್ ಇಡೀ ಲೈನನ್ನೇ ಬಂದ್ ಮಾಡುತ್ತೆ.

ಅಂದ್ರೆ ಆ ಮೆಸೇಜ್ ಕೆಳಗೆ ಹ್ಯಾಂಡ್ಲರ್ಸ್ ಅಂತ ಬರೋ ಪಟ್ಟಿ ಇದ್ಯಲ್ಲ, ಅದು "ನಂದಲ್ಲ" ಅಂದವರ ಪಟ್ಟಿ. ಅದರಲ್ಲಿ ಎಟಿಎಚ್9ಕೆ ಅನ್ನೋ ವೈಫೈ ಡ್ರೈವರ್ ಹೆಸರಿದೆ ಅಂತ ವೈಫೈನೇ ತಪ್ಪಿತಸ್ಥ ಅಂತ ತೀರ್ಮಾನ ಮಾಡೋ ಹಾಗಿಲ್ಲ. ನಿಜವಾಗಿ ಲೈನ್ ಹಿಡಿದು ಕೂತಿರೋದು ಆ ಪಟ್ಟಿಯಲ್ಲೇ ಇಲ್ಲದೆ ಇರಬಹುದು, ಯಾಕಂದ್ರೆ ಅದಕ್ಕೆ ಡ್ರೈವರ್ರೇ ಲೋಡ್ ಆಗಿಲ್ಲ.

ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದಿದ್ದ, ಬಹಳ ಜಾಣ, ಬ್ಯಾಟರಿ ಉಳಿಸೋಕೆ ಅಂತ ಬೇಡದ ಡ್ರೈವರ್ ಮಾಡ್ಯೂಲ್‌ಗಳನ್ನೆಲ್ಲ ಬ್ಲ್ಯಾಕ್‌ಲಿಸ್ಟ್ ಮಾಡಿಟ್ಟಿದ್ದ, ಅಂದ್ರೆ ಲೋಡ್ ಆಗದ ಹಾಗೆ ತಡೆದಿದ್ದ. ವೈಫೈ ಕನೆಕ್ಟ್ ಅಂತ ತೋರಿಸುತ್ತೆ, ಆದ್ರೆ ತೆವಳುತ್ತೆ, ಅವನು ಸಿಗ್ನಲ್ ವೀಕು ಅಂತ ರೌಟರ್ ಕೂಡ ಬದಲಾಯಿಸಿದ್ದ ಪಾಪ. ಲೈನ್ ಬಂದ್ ಆದ್ಮೇಲೂ ಕರ್ನಲ್ 100 ಮಿಲಿಸೆಕೆಂಡ್‌ಗೆ ಒಂದು ಸಲ ಆ ಲೈನ್‌ನ ಡ್ರೈವರ್‌ಗಳನ್ನ ಕರೆದು ನೋಡುತ್ತೆ, ಅದಕ್ಕೇ ಆ ಅರೆಜೀವ. ರೂಟ್ ಆಗಿ ಎಲ್‌ಎಸ್‌ಪಿಸಿಐ ಡಬಲ್ ವಿ (ಡಿವೈಸ್‌ಗಳ ವಿವರ ತೋರಿಸೋ ಕಮಾಂಡ್) ಹೊಡೆದು ಒಂದೊಂದೇ ಡಿವೈಸ್‌ನ ಸ್ಟೇಟಸ್ ಸಾಲಿನ ಕೊನೆ ನೋಡ್ತಾ ಹೋದ್ವಿ. ವೈಫೈಲಿ ಐಎನ್‌ಟಿಎಕ್ಸ್ ಮೈನಸ್ (ಲೈನ್ ಎಳೆದಿಲ್ಲ), ಯುಎಸ್‌ಬಿಲೂ ಮೈನಸ್, ಕಾರ್ಡ್ ರೀಡರ್‌ನಲ್ಲಿ ಪ್ಲಸ್, ಅಂದ್ರೆ ಎಳೆದು ಹಿಡಿದಿರೋದು ಅದೇ! ಬಯೋಸ್ ಅದನ್ನ ಇಂಟರಪ್ಟ್ ಎಳೆದ ಸ್ಥಿತಿಯಲ್ಲೇ ಬಿಟ್ಟಿತ್ತು, ಸುಮ್ಮನಾಗಿಸಬೇಕಾದ ಡ್ರೈವರ್ ಬ್ಲ್ಯಾಕ್‌ಲಿಸ್ಟ್‌ನಲ್ಲಿತ್ತು. ಆ ಒಂದು ಸಾಲು ತೆಗೆದು ರೀಬೂಟ್ ಮಾಡಿದ್ಮೇಲೆ ವೈಫೈ ಸರಿಹೋಯ್ತು.

ನೋಎಂಎಸ್‌ಐ ವಿಷಯ ಕೇಳಿದ್ರೆ ನನಗೆ ನಿಜವಾಗ್ಲೂ ತಲೆ ಕೆಡುತ್ತೆ. ಎಂಎಸ್‌ಐ ಇದ್ರೆ ಕಾರ್ಡ್‌ಗೆ ಯಾರ ಜೊತೆಗೂ ಹಂಚಿಕೊಳ್ಳದ ಸ್ವಂತ ಇಂಟರಪ್ಟ್ ಸಿಗುತ್ತೆ, ಅದನ್ನ ನೀವೇ ಕಿತ್ತು ಮತ್ತೆ ಆ ಹಂಚಿಕೆ ಲೈನ್‌ಗೆ ತಳ್ತಿದ್ದೀರಿ. ಎಂಎಸ್‌ಐ ಸರಿಯಾಗಿ ಕೆಲಸ ಮಾಡದ ಬೋರ್ಡ್‌ಗಳು ಇವೆ, ಇಲ್ಲ ಅನ್ನಲ್ಲ, ಆದ್ರೆ ಅದು ಖಾತ್ರಿ ಆದ್ಮೇಲೆ ಹಾಕಿ. ಐಆರ್‌ಕ್ಯುಪೋಲ್ ಅರ್ಜೆಂಟ್‌ಗೆ ಕೆಲಸ ಮುಗಿಸ್ಕೊಳ್ಳೋಕೆ ಸರಿ, ವರ್ಷಗಟ್ಟಲೆ ಬಿಡೋಕಲ್ಲ.

ಇನ್ನು ಪ್ರಾಕ್ ಒಳಗಿನ ಇಂಟರಪ್ಟ್ಸ್ ಫೈಲ್‌ನ (ಪ್ರತಿ ಲೈನ್‌ಗೆ ಎಷ್ಟು ಇಂಟರಪ್ಟ್ ಬಂತು ಅನ್ನೋ ಎಣಿಕೆ ಅಲ್ಲಿರುತ್ತೆ) ಒಂದೇ ಸಲ ನೋಡಿ ಕಳಿಸ್ತಾರೆ, ಅದರಿಂದ ನನಗೇನೂ ಗೊತ್ತಾಗಲ್ಲ. ಡೌನ್‌ಲೋಡ್ ಹಾಕಿ, ಕೆಲವು ಸೆಕೆಂಡ್ ಬಿಟ್ಟು ಎರಡು ಸಲ ನೋಡಿ. ಎಣಿಕೆ ನಿಂತಿದ್ರೆ ಇಂಟರಪ್ಟ್ ಬರ್ತಿಲ್ಲ, ರಾಕೆಟ್ ಥರ ಏರ್ತಿದ್ರೆ ಸ್ಟಾರ್ಮ್, ಅಂದ್ರೆ ಇಂಟರಪ್ಟ್‌ಗಳ ಸುರಿಮಳೆ. ಕೆಲವು ಹೊರಗಿನ ಡ್ರೈವರ್‌ಗಳು ಕೇಳಿದ್ದಕ್ಕೆಲ್ಲ "ನಂದು" ಅಂದುಬಿಡ್ತವೆ, ಆಗ ನೋಬಡಿ ಕೇರ್ಡ್ ಬರೋದೇ ಇಲ್ಲ, ಒಂದು ಸಿಪಿಯು ಸುಮ್ಮನೆ ಉರೀತಿರುತ್ತೆ. ಸ್ಟೇಟಸ್ ರಿಜಿಸ್ಟರ್ ಪೂರ್ತಿ ಎಫ್ ಎಫ್ ಎಫ್ ಅಂತ ಓದ್ತಿದ್ರೆ ಅದು ಇಂಟರಪ್ಟ್ ಸಮಸ್ಯೆನೇ ಅಲ್ಲ, ಹೆಚ್ಚಾಗಿ ಕಾರ್ಡೇ ಬಸ್‌ನಿಂದ ಕಾಣೆಯಾಗಿದೆ, ಪವರ್ ಸೇವಿಂಗ್ ಕಡೆ ಅಥವಾ ಸ್ಲಾಟ್ ಕಡೆ ಹುಡುಕಿ.

ಇದನ್ನೆಲ್ಲ ವೈಫೈ ಮೂಲಕವೇ ಎಸ್‌ಎಸ್‌ಎಚ್ (ಇನ್ನೊಂದು ಮಷೀನ್‌ನಿಂದ ಲಾಗಿನ್) ಮಾಡ್ಕೊಂಡು ಮಾತ್ರ ಮಾಡಬೇಡಿ, ಕೇಬಲ್ ಚುಚ್ಚಿಕೊಂಡು ಕೂತ್ಕೊಳ್ಳಿ.