ಕ್ಲಚ್ ಕೆಲಸ ಮುಗೀತು, ಸೈಲೆನ್ಸರ್ ಸದ್ದು ಶುರುವಾಯ್ತು

ಡೀಸೆಲ್ ಪಿಕಪ್ ಒಂದಕ್ಕೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿದ್ದೀರಿ ಅಂದುಕೊಳ್ಳಿ. ಗ್ಯಾರೇಜಿಗೆ ಹೋಗುವಾಗ ಇಲ್ಲದ ಟಿಕ್ ಟಿಕ್ ಸದ್ದು ವಾಪಸ್ ಬರುವಾಗ ಕೇಳುತ್ತಿದೆ. "ಅದು ಮೊದಲೇ ಇತ್ತು ಅಣ್ಣ" ಅನ್ನುತ್ತಾನೆ ಮೆಕ್ಯಾನಿಕ್. "ಇಲ್ಲಪ್ಪ, ಬೆಳಿಗ್ಗೆ ಇರಲಿಲ್ಲ" ಅನ್ನುತ್ತೀರಿ ನೀವು. ಇಬ್ಬರೂ ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು.

ಕ್ಲಚ್ಚಿಗೂ ಸೈಲೆನ್ಸರ್‌ಗೂ ಏನು ಸಂಬಂಧ? ಗೇರ್‌ಬಾಕ್ಸ್ ಇಳಿಸಿದರೆ ತಾನೆ ಕ್ಲಚ್ ಕೈಗೆ ಸಿಗುವುದು. ಅದಕ್ಕೆ ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿ ಬಿಚ್ಚಬೇಕು. ಪಟ್ಟಿ ಬಿಚ್ಚಿದ ಕೂಡಲೇ ಎಂಜಿನ್ನಿನ ಹಿಂಭಾಗ ಕೆಳಗೆ ವಾಲುತ್ತದೆ. ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿನ ಕಡೆ ಒಯ್ಯುವ ಮುಂದಿನ ಪೈಪ್ ಬಿಚ್ಚದೆ ಹಾಗೇ ಬಿಟ್ಟಿದ್ದರೆ ಆ ಎಳೆತವೆಲ್ಲ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದು ದಾರಿಗೆ ಸೇರಿಸುವ ಭಾಗ) ಬೋಲ್ಟುಗಳ ಮೇಲೆ ಬೀಳುತ್ತದೆ. ಬಿಚ್ಚಿ ನೇತಾಡಲು ಬಿಟ್ಟಿದ್ದರೆ ಭಾರ ನಡುವಿನ ಜಾಲರಿ ಪೈಪಿಗೆ ಬೀಳುತ್ತದೆ. ಈ ಜಾಲರಿ ಪೈಪ್ ಮೋಸದ ವಸ್ತು. ಹೊರಗೆ ಕಾಣುವುದು ತಂತಿಯ ಹೆಣಿಗೆ. ಹೊಗೆ ತಡೆಯುವುದು ಒಳಗಿರುವ ತೆಳು ಸ್ಟೀಲಿನ ಸುಕ್ಕು ಕೊಳವೆ. ಸಣ್ಣ ಅಲುಗಾಟ ತಡೆಯಲಿ ಅಂತ ಮಾಡಿದ ಅದನ್ನು ಜೋರಾಗಿ ಬಗ್ಗಿಸಿದರೆ ಒಳಗಿನ ಸುಕ್ಕು ಸೀಳುತ್ತದೆ. ಹೊರಗಿನ ಹೆಣಿಗೆ ಮಾತ್ರ ಏನೂ ಆಗದ ಹಾಗೆ ಕೂತಿರುತ್ತದೆ.

ಇಲ್ಲೆಲ್ಲಾದರೂ ಹೊಗೆ ಸೋರಿದರೆ ಅದೇ ಟಿಕ್ ಟಿಕ್ ಆಗಿ ಕೇಳುತ್ತದೆ. ಹಾಗಾಗಿ ಸೋರುವ ಜಾಗ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿ: ಏನೇನು ಬಿಚ್ಚಿದ್ರಿ, ಜಾಕ್ ಎಲ್ಲಿ ಕೊಟ್ಟಿದ್ರಿ? ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ಕಿವಿ ಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅನ್ನಿ. ಎರಡು ಸುತ್ತಿಗೊಮ್ಮೆ ಒಂದೊಂದು ಸಿಲಿಂಡರ್ ಹೊಗೆ ಉಗುಳುತ್ತದೆ. ಅಂದರೆ ಒಂದು ಸಿಲಿಂಡರಿನಿಂದ ನಿಮಿಷಕ್ಕೆ 400 ಸಲ, ಸೆಕೆಂಡಿಗೆ ಆರೇಳು. ನಾಲ್ಕೂ ಸೇರಿದರೆ ಸೆಕೆಂಡಿಗೆ ಸುಮಾರು 27. ಒಂದೇ ಸಿಲಿಂಡರಿನ ಬಾಯಿಯ ಹತ್ತಿರ ಸೋರಿದರೆ ಬಿಡಿ ಬಿಡಿಯಾದ ಟಿಕ್ ಟಿಕ್ ಕೇಳುತ್ತದೆ. ನಾಲ್ಕು ದಾರಿ ಒಂದಾದ ಮೇಲೆ ಸೋರಿದರೆ ಟಿಕ್‌ಗಳು ಬೆರೆತು ಭರ್ರ್ ಅನ್ನುತ್ತವೆ. ಗಾಡಿ ಕೆಳಗೆ ತೂರುವ ಮೊದಲೇ ಹುಡುಕುವ ಜಾಗ ಇಷ್ಟು ಚಿಕ್ಕದಾಗಿಬಿಡುತ್ತದೆ. ತೊಡಕು ಒಂದೇ. ಎಂಜಿನ್ನಿನೊಳಗೆ ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲವಾಗಿದ್ದರೆ ಅದು ಕೂಡ ಇದೇ ವೇಗದಲ್ಲಿ ಬಡಿಯುತ್ತದೆ. ಆದರೆ ಲೋಡು ಹೇರಿ ಏರು ಹತ್ತಿಸಿದಾಗ ಸೋರಿಕೆಯ ಸದ್ದು ಎದ್ದು ಕಾಣುವಷ್ಟು ಜಾಸ್ತಿಯಾಗುತ್ತದೆ. ಟ್ಯಾಪೆಟ್ ಸದ್ದು ಅಷ್ಟಾಗಿ ಬದಲಾಗುವುದಿಲ್ಲ.

ಇನ್ನೊಂದು ಸುಳಿವು ಬಿಸಿ. ಸ್ಟೀಲ್ ಪೈಪಿನ ಬಿಸಿ 300 ಡಿಗ್ರಿ ಏರಿದರೆ ಪ್ರತಿ ಮೀಟರಿಗೆ ಮೂರೂವರೆ ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಮೂರು ಮೀಟರ್ ಪೈಪ್ ಅಂದರೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್! ಅದಕ್ಕೇ ಸೈಲೆನ್ಸರನ್ನು ಚಾಸಿಗೆ ಬಿಗಿಯುವುದಿಲ್ಲ, ರಬ್ಬರಿನಲ್ಲಿ ತೊಟ್ಟಿಲಿನ ಹಾಗೆ ತೂಗುಹಾಕುತ್ತಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿದ್ದು ಬಿಸಿಯಾದಂತೆ ಸದ್ದು ಕರಗಿದರೆ, ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಿದೆ ಅಂತ ಅರ್ಥ. ಮ್ಯಾನಿಫೋಲ್ಡಿನ ಸಂದು ಮುಚ್ಚುವ ಗ್ಯಾಸ್ಕೆಟ್ಟೋ ಬೋಲ್ಟೋ ನೋಡಬೇಕು. ತಣ್ಣಗಿದ್ದಾಗ ಸುಮ್ಮನಿದ್ದು ಅರ್ಧ ಗಂಟೆ ಓಡಿಸಿದ ಮೇಲೆ ಗಡಗಡ ಅಂದರೆ ಅದು ಸೋರಿಕೆ ಇರಲಿಕ್ಕಿಲ್ಲ. ತಿರುಚಿ ಕೂರಿಸಿದ ಪೈಪ್ ಉದ್ದವಾಗಿ ಅಡ್ಡಪಟ್ಟಿಗೋ ಚಾಸಿಗೋ ತಾಗುತ್ತಿದೆ. ತಾಗುವ ಜಾಗ ಉಜ್ಜಿ ಹೊಳೆಯುತ್ತಿರುತ್ತದೆ, ಟಾರ್ಚ್ ಬಿಟ್ಟರೆ ಸಿಗುತ್ತದೆ.

ಡೀಸೆಲ್ ಗಾಡಿಯಲ್ಲಿ ಸೋರಿಕೆ ತನ್ನ ಗುರುತು ತಾನೇ ಬಿಡುತ್ತದೆ. ಸಂದಿನಿಂದ ಹೊರಟ ಕರಿಮಸಿ ಬೀಸಣಿಗೆಯ ಆಕಾರದಲ್ಲಿ ಹರಡಿರುತ್ತದೆ. ಬೆರಳಿಗೆ ಮೆತ್ತಗೆ ಅಂಟಿದರೆ ಹೊಸದು. ಮೇಲೆ ಧೂಳು ಕೂತು ಗಟ್ಟಿಯಾಗಿದ್ದರೆ ಹಳೆಯದು. ಮಸಿ ಸಿಗದಿದ್ದರೆ, ಎಂಜಿನ್ ತಣ್ಣಗಿರುವಾಗ ಬಾಲದ ಕೊಳವೆಯಿಂದ ಕಡಿಮೆ ಒತ್ತಡದ ಗಾಳಿ ಊದಿ, ಜಾಯಿಂಟುಗಳ ಮೇಲೆ ಸೋಪಿನ ನೀರು ಹಾಕಿ. ಪಂಕ್ಚರ್ ಅಂಗಡಿಯ ಉಪಾಯವೇ. ಗುಳ್ಳೆ ಎದ್ದಲ್ಲಿ ತೂತು.

ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರವೇ ಟರ್ಬೊ. ಸೋರಿಕೆ ಟರ್ಬೊಗಿಂತ ಮುಂಚೆ ಇದ್ದರೆ ಟರ್ಬೊ ತಿರುಗಿಸಬೇಕಾದ ಹೊಗೆಯೇ ಕಡಿಮೆಯಾಗಿ ಗಾಡಿಯ ಎಳೆತ ಬೀಳುತ್ತದೆ. ಟರ್ಬೊ ದಾಟಿದ ಮೇಲಾದರೆ ಹೆಚ್ಚಾಗಿ ಬರೀ ಸದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಮಿತಿ ಬಿಗಿ ಮಾಡಿದ ನಿಯಮ) ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ ಅದರ ಹಿಂದೆ ಮುಂದೆ ಒತ್ತಡ ಅಳೆಯುವ ಸಣ್ಣ ಟ್ಯೂಬುಗಳೂ ಇರುತ್ತವೆ. ಕೆಲಸದ ನಡುವೆ ಒಂದು ಟ್ಯೂಬ್ ಕಳಚಿದರೆ ಸಾಕು, ಫಿಲ್ಟರ್ ಚೆನ್ನಾಗಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಹೊಸ ಫಿಲ್ಟರಿಗೆ ದುಡ್ಡು ಕೊಡುವ ಮೊದಲು ಆ ಟ್ಯೂಬ್ ನೋಡಿ.

ಪೆಟ್ರೋಲ್, ಸಿಎನ್‌ಜಿ ಪಿಕಪ್ಪಿನ ಕಥೆ ಇನ್ನೂ ತಮಾಷೆ. ಹೊಗೆ ಒಂದೇ ಸಮ ಹರಿಯುವುದಿಲ್ಲ, ಅಲೆಯಾಗಿ ಹೋಗುತ್ತದೆ. ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ತೂತು ಹೊರಗಾಳಿಯನ್ನು ಒಳಗೆಳೆಯುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿ ಕಂಡು "ಇಂಧನ ಸಾಲದು" ಅನ್ನುತ್ತದೆ. ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಸ್ಕ್ಯಾನರಿನಲ್ಲಿ ಪಿ0171 ಅಂತ, ಅಂದರೆ ಇಂಧನ ಸಾಲದು ಅನ್ನುವ ಕೋಡ್ ಬರುತ್ತದೆ. ಬಡಪಾಯಿ ಸೆನ್ಸರ್ ತನಗೆ ಕಂಡದ್ದನ್ನೇ ಹೇಳಿತು, ಬದಲಾಯಿಸುವುದು ಮಾತ್ರ ಅದನ್ನೇ! ಸೋರುವ ಜಾಯಿಂಟಿಗೆ ಮಾಮೂಲಿ ಸಿಲಿಕೋನ್ ಪೇಸ್ಟ್ ಬಳಿಯುವುದಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಆ ಬಿಸಿಗೆ ಅದು ನಿಲ್ಲುವುದಿಲ್ಲ. ಜೊತೆಗೆ ಸುಟ್ಟ ಸಿಲಿಕೋನಿನ ಆವಿ ಸೆನ್ಸರಿನ ಮೇಲೆ ಪದರ ಕಟ್ಟಿ ಅದನ್ನು ನಿಜವಾಗಿಯೂ ಕೆಡಿಸುತ್ತದೆ.

ಈಗ ಜಗಳಕ್ಕೆ ಬರೋಣ. ತುಂಡಾದ ಬೋಲ್ಟ್ ಸಿಕ್ಕಿದರೆ ಒರೆಸಬೇಡಿ, ಮುರಿದ ಮುಖ ನೋಡಿ. ಪೂರ್ತಿ ಕಂದು ತುಕ್ಕಾಗಿದ್ದರೆ ಅದು ಮುರಿದು ಬಹಳ ದಿನವಾಗಿದೆ. ಪೂರ್ತಿ ಬೂದು ಬಣ್ಣಕ್ಕೆ ಹೊಳೆಯುತ್ತಿದ್ದರೆ ಈಗ ಮುರಿದದ್ದು. ಸಿಗುವುದು ಎಷ್ಟೋ ಸಲ ಮೂರನೆಯ ಬಗೆ: ಒಂದು ಭಾಗ ಕಂದು, ಉಳಿದದ್ದು ಹೊಳಪು. ದಿನಾ ಬಿಸಿ ತಣಿ ತಿಂದು ಬಿರುಕು ಒಳಗೊಳಗೇ ಬೆಳೆದಿತ್ತು, ಉಳಿದಿದ್ದ ಭಾಗ ಎಂಜಿನ್ ವಾಲಿದಾಗ ಕಿತ್ತಿತು. ಮೆಕ್ಯಾನಿಕ್ ಹೇಳಿದ "ಮೊದಲೇ ಇತ್ತು", ನೀವು ಹೇಳಿದ "ಇರಲಿಲ್ಲ", ಎರಡೂ ಆ ಒಂದೇ ಬೋಲ್ಟಿನಲ್ಲಿವೆ.

ಸರಿ ಮಾಡುವಾಗ ಹಳೆ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಒಮ್ಮೆ ಒತ್ತಿ ಚಪ್ಪಟೆಯಾದದ್ದು ಇನ್ನೊಮ್ಮೆ ಅದೇ ಥರ ಕೂರುವುದಿಲ್ಲ. ಮೊದಲು ಅಡ್ಡಪಟ್ಟಿ ಬಿಗಿಯಾಗಲಿ, ಎಂಜಿನ್ ತನ್ನ ಜಾಗಕ್ಕೆ ಬರಲಿ. ಪೈಪುಗಳನ್ನೆಲ್ಲ ಸಡಿಲವಾಗಿ ಜೋಡಿಸಿ, ರಬ್ಬರುಗಳು ನೆಟ್ಟಗೆ ತೂಗುತ್ತಿವೆಯೇ ನೋಡಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಹೋಗಿ. ಸ್ಟಾರ್ಟ್ ಮಾಡಿ ಪರೀಕ್ಷಿಸುವುದು ಬಯಲಿನಲ್ಲೇ ಆಗಲಿ, ಶಟರ್ ಎಳೆದ ಶೆಡ್ಡಿನಲ್ಲಿ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗಾಡಿ ಕೆಳಗೆ ಮಲಗಿದವನಿಗೆ ತಲೆ ಭಾರವಾದರೆ ಎಂಜಿನ್ ಆಫ್ ಮಾಡಿ ಮೊದಲು ಅವನನ್ನು ಗಾಳಿಗೆ ಕರೆತನ್ನಿ, ಸದ್ದು ಆಮೇಲೆ ಹುಡುಕಿದರಾಯಿತು.