ವರ್ಷಗಟ್ಟಲೆ ಕಾಫಿ ಕುಡಿದರೆ ಮೆದುಳಿನ ರಿಸೆಪ್ಟರ್‌ಗಳು ಸತ್ತುಹೋಗುತ್ತವೆಯೇ?

ಪ್ರಶ್ನೆ: ಇಪ್ಪತ್ತು ವರ್ಷದಿಂದ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಿದ್ದೇನೆ. ಈಗೀಗ ಕುಡಿದರೂ ಏನೂ ಅನ್ನಿಸುವುದಿಲ್ಲ. ಮೆದುಳಿನ ನರ ಸತ್ತುಹೋಗಿದೆ ಅನ್ನುತ್ತಾರೆ, ನಿಜವೇ?

ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇನ್ನೊಮ್ಮೆ ಹೇಳುತ್ತೇನೆ: ಏನೂ ಸತ್ತಿಲ್ಲ. ನಡೆದಿರುವುದು ಅದಕ್ಕೆ ಪೂರ್ತಿ ಉಲ್ಟಾ.

ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನ ಕೋಶಗಳು ಎಟಿಪಿ ಎಂಬ ಇಂಧನವನ್ನು ಖರ್ಚು ಮಾಡುತ್ತವೆ. ಅದು ಒಡೆದು ಅಡಿನೋಸಿನ್ ಸೇರುತ್ತಾ ಹೋಗುತ್ತದೆ. ಈ ಅಡಿನೋಸಿನ್ ಎ1, ಎ2ಎ ಎಂಬ ರಿಸೆಪ್ಟರ್‌ಗಳಲ್ಲಿ, ಅಂದರೆ ಕೋಶದ ಮೇಲೆ ಸಂದೇಶ ಹಿಡಿಯುವ ಜಾಗಗಳಲ್ಲಿ, ಕೂತಾಗ ಮಂಪರು ಹತ್ತುತ್ತದೆ. ಕಾಫಿಯಲ್ಲಿರುವ ಕೆಫೀನ್ ಆ ಜಾಗವನ್ನು ಹಿಡಿಯುತ್ತದೆ, ಆದರೆ ನಿದ್ದೆಯ ಸಂದೇಶ ಕೊಡುವುದಿಲ್ಲ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ: ಸೀಟು ಭರ್ತಿ, ಕೂತವರು ಯಾರೂ ಇಲ್ಲ, ಅಡಿನೋಸಿನ್ ನಿಂತೇ ಇರಬೇಕು. ಇದು ದಿನವೂ ನಡೆದರೆ ಮೆದುಳು ಸೀಟುಗಳನ್ನೇ ಹೆಚ್ಚಿಸುತ್ತದೆ. ದಿನವೂ ಕೆಫೀನ್ ಕೊಟ್ಟ ಇಲಿಗಳಲ್ಲಿ ಎ1 ರಿಸೆಪ್ಟರ್‌ಗಳು ಶೇಕಡಾ 20ರ ಆಸುಪಾಸು ಹೆಚ್ಚಾಗಿದ್ದು ಕಂಡಿದೆ. ಎ2ಎ ವಿಚಾರದಲ್ಲಿ ಫಲಿತಾಂಶಗಳು ಒಂದೇ ಥರ ಇಲ್ಲ. ರಿಸೆಪ್ಟರ್ ಹೆಚ್ಚಾದ ಮೇಲೆ ಮೊದಲಿನಷ್ಟೇ ಕಾಫಿ ಸಾಲುವುದಿಲ್ಲ. ನಿಮಗೆ "ಏನೂ ಅನ್ನಿಸದಿರುವುದು" ಅದಕ್ಕೇ.

"ನರ ಸತ್ತಿದೆ" ಅನ್ನುವ ಮಾತು ಎಷ್ಟು ಹೇಳಿದರೂ ಹೋಗುವುದಿಲ್ಲ. ಒಂದು ಯೋಚನೆ ಮಾಡಿ. ರಿಸೆಪ್ಟರ್ ಸತ್ತಿದ್ದರೆ ಕಾಫಿ ಬಿಟ್ಟರೆ ಏನೂ ಆಗಬಾರದು. ಆದರೆ ಏನಾಗುತ್ತದೆ ಎಂದು ಶಿವರಾತ್ರಿಗೋ ಏಕಾದಶಿಗೋ ಕಾಫಿಯನ್ನೂ ಬಿಟ್ಟು ಉಪವಾಸ ಮಾಡಿದವರೆಲ್ಲರಿಗೂ ಗೊತ್ತು: ಹಣೆ ಒತ್ತುವ ತಲೆನೋವು, ಆಕಳಿಕೆ, ಸಿಡುಕು. ಅದನ್ನು ಪಿತ್ತ ಎಂದು ತಳ್ಳಿಹಾಕುತ್ತೇವೆ. ಕೆಫೀನ್ ಖಾಲಿಯಾದೊಡನೆ ಹೆಚ್ಚುವರಿ ರಿಸೆಪ್ಟರ್‌ಗಳಿಗೆಲ್ಲ ಅಡಿನೋಸಿನ್ ಒಮ್ಮೆಲೇ ಸಿಗುತ್ತದೆ. ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ, ರಕ್ತದ ಹರಿವು ಏರುತ್ತದೆ, ತಲೆ ಸಿಡಿಯುತ್ತದೆ. ಅಂದರೆ ಆ ತಲೆನೋವೇ ರಿಸೆಪ್ಟರ್‌ಗಳು ಬದುಕಿವೆ, ಅಷ್ಟೇ ಅಲ್ಲ, ಚುರುಕಾಗಿವೆ ಎನ್ನುವುದಕ್ಕೆ ಸಾಕ್ಷಿ. ಅರ್ಧ ಲೋಟ ಕಾಫಿ ಕುಡಿದು ಗಂಟೆಯೊಳಗೆ ನೋವು ಇಳಿಯಿತೇ? ಸತ್ತ ರಿಸೆಪ್ಟರ್‌ನಿಂದ ಅದು ಸಾಧ್ಯವಿಲ್ಲ. ಇನ್ನೂ ಒಂದು: 2012ರಲ್ಲಿ ಜರ್ಮನಿಯ ಸಂಶೋಧಕರು ಪೆಟ್ ಸ್ಕ್ಯಾನ್‌ನಲ್ಲಿ ಮನುಷ್ಯರ ಮೆದುಳನ್ನೇ ನೋಡಿದರು. ನಾಲ್ಕೈದು ಕಪ್ ಕಾಫಿಯಷ್ಟು ಕೆಫೀನ್ ಎ1 ರಿಸೆಪ್ಟರ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಹಿಡಿಯುತ್ತದೆ. ಹಿಡಿಯುವುದಷ್ಟೇ, ಸುಡುವುದಿಲ್ಲ. ರಕ್ತದಲ್ಲಿನ ಕೆಫೀನ್ ಸುಮಾರು 5 ಗಂಟೆಗೆ ಅರ್ಧವಾಗುತ್ತದೆ. ಅದು ಇಳಿದಂತೆ ಜಾಗ ತೆರವು.

ರಾತ್ರಿ ಕಾಫಿ ಕುಡಿದರೂ ನಿದ್ದೆ ಬರುತ್ತದೆ ಎನ್ನುವವರು ಕೂಡ ಗಾಢ ನಿದ್ದೆಯ ಪಾಲು ಕಡಿಮೆಯಾಗುವುದನ್ನು ಗಮನಿಸಿರುವುದಿಲ್ಲ.

ಕಾಫಿ ಬಿಡುವವರಿಗೆ ಲೆಕ್ಕ ಹೀಗಿದೆ. ಕೊನೆಯ ಲೋಟವಾದ 12ರಿಂದ 24 ಗಂಟೆಗೆ ತಲೆನೋವು ಶುರು, ಒಂದೆರಡು ದಿನದಲ್ಲಿ ಜೋರು, 2ರಿಂದ 9 ದಿನದಲ್ಲಿ ಮುಗಿಯುತ್ತದೆ. ಒಮ್ಮೆಲೇ ಬಿಡಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ಇಳಿಸಿ, ಸಂಜೆಯ ಲೋಟದಿಂದ ಶುರುಮಾಡಿ. ಹಲವರು ಎಡವುವುದು ಮಾತ್ರೆಯಲ್ಲಿ: ಕೆಲವು ತಲೆನೋವಿನ ಮಾತ್ರೆಗಳಲ್ಲೇ ಕೆಫೀನ್ ಇರುತ್ತದೆ. ಅದನ್ನು ನುಂಗಿದರೆ ಕಾಫಿ ಬಿಟ್ಟಂತಾಗುವುದಿಲ್ಲ. ಸ್ಟ್ರಿಪ್ ಹಿಂದೆ ಓದಿ.

ಯಾರೂ ಕೇಳಿಲ್ಲ, ಆದರೂ ಚಿಕೋರಿಯ ಮಾತು ಹೇಳಲೇಬೇಕು. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿದರೆ ಕಾಫಿ ಸ್ಟ್ರಾಂಗ್ ಎಂದು ನಮ್ಮಲ್ಲಿ ನಂಬಿಕೆ. ಚಿಕೋರಿಯಲ್ಲಿ ಕೆಫೀನ್ ಒಂದು ಚೂರೂ ಇಲ್ಲ. ಬಣ್ಣ, ಮಂದ, ಕಹಿ ಅಷ್ಟೇ. ಅರೇಬಿಕಾ ಬೀಜದಲ್ಲಿ ಕೆಫೀನ್ ಶೇಕಡಾ 1.2ರ ಆಸುಪಾಸು, ರೋಬಸ್ಟಾದಲ್ಲಿ 2.2ರ ಮೇಲೆ. 10 ಗ್ರಾಂ ಶುದ್ಧ ರೋಬಸ್ಟಾ ಪುಡಿಯಲ್ಲಿ 220 ಮಿಲಿಗ್ರಾಂ ಕೆಫೀನ್ ಇದ್ದರೆ, ಶೇಕಡಾ 40 ಚಿಕೋರಿ ಬೆರೆಸಿದ ಅಷ್ಟೇ ಅರೇಬಿಕಾ ಪುಡಿಯಲ್ಲಿ 72. ಫಿಲ್ಟರ್‌ನಲ್ಲಿ ಅಷ್ಟೂ ಇಳಿಯದಿದ್ದರೂ ಅಂತರ ಮೂರು ಪಟ್ಟು. ತೋಟದ ಮನೆಯಲ್ಲಿ ಸ್ವಂತ ರೋಬಸ್ಟಾ ಕುಡಿದು ಬೆಂಗಳೂರಿನ ನೆಂಟರ ಮನೆಯಲ್ಲಿ ಎರಡನೇ ದಿನಕ್ಕೆ ತಲೆ ಹಿಡಿದುಕೊಳ್ಳುವವರು ಅಲ್ಲಿನ ನೀರನ್ನೋ ಹವೆಯನ್ನೋ ದೂರುತ್ತಾರೆ. ಮೊದಲು ಪುಡಿಯ ಪೊಟ್ಟಣ ನೋಡಿ.

ಇದೇ ಲೆಕ್ಕ ಕಾಫಿ ಇಳಿಸುವವರಿಗೂ ಅನುಕೂಲ. ಪುಡಿ ಅಂಗಡಿಯಲ್ಲಿ 80:20 (ಕಾಫಿ 80, ಚಿಕೋರಿ 20) ಕೊಳ್ಳುತ್ತಿದ್ದವರು ಅದೇ ಬೀಜದ 60:40 ಮಾಡಿಸಿ, ಅದೇ ಚಮಚ, ಅದೇ ಲೋಟ ಇಟ್ಟುಕೊಳ್ಳಿ. ಕೆಫೀನ್ ಸರಿಯಾಗಿ ಕಾಲು ಭಾಗ ಇಳಿಯುತ್ತದೆ.