ರೀಚಾರ್ಜ್ ಮುಗಿಯುವ ಹತ್ತು ದಿನ ಮೊದಲೇ ಬಿಲ್ ಬಿಡಿಸಿ ನೋಡಿ

ಪ್ಲಾನ್ ಮುಗಿದು ರಾತ್ರಿ ಎಂಟಕ್ಕೆ ವೈಫೈ ನಿಂತಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಮಗಳಿಗೆ ಆನ್‌ಲೈನ್ ಕ್ಲಾಸು, ಮನೆಯವರಿಗೆ ಧಾರಾವಾಹಿ. ಆ್ಯಪ್ ತೋರಿಸಿದ ಮೊತ್ತ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರವಿರಲಿ, ಗದಗದ ಬೆಟಗೇರಿ ಇರಲಿ, ಹೆಚ್ಚಿನ ದುಡ್ಡು ಹೋಗುವುದು ಆ ಒಂದು ನಿಮಿಷದಲ್ಲಿಯೇ. ಇಂಟರ್‌ನೆಟ್, ಟಿವಿ ಬಿಲ್ ಹಿಡಿದು ಹತ್ತು ದಿನ ಮೊದಲು ಕೂತರೆ ಆಪರೇಟರ್ ಜೊತೆ ಮಾತಾಡಲು, ಬೇರೆಯವರನ್ನು ವಿಚಾರಿಸಲು ಸಮಯ ಸಿಗುತ್ತದೆ. ಕಡಿಮೆ ಪ್ಲಾನಿಗೆ ಇಳಿಯುವ ಕೋರಿಕೆ ಸಾಮಾನ್ಯವಾಗಿ ಮುಂದಿನ ಅವಧಿಯಿಂದಷ್ಟೇ ಜಾರಿಯಾಗುತ್ತದೆ. ದುಡ್ಡು ಕಟ್ಟಿದ ಮರುದಿನ ಕೇಳಿದರೆ ಇನ್ನೊಂದು ಅವಧಿ ಹಳೆಯ ದರವೇ ಗತಿ.

ಆಟೋಪೇ, ಅಂದರೆ ಖಾತೆಯಿಂದ ತಾನಾಗಿ ದುಡ್ಡು ಕಡಿತವಾಗುವ ವ್ಯವಸ್ಥೆ ಇಟ್ಟವರು ಇನ್ನೂ ಜಾಗ್ರತೆ ವಹಿಸಬೇಕು. ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜನ್ನು ಓದದೆ ಅಳಿಸಬೇಡಿ, ಹೊಸ ಮೊತ್ತ ಅದರಲ್ಲೇ ಇರುತ್ತದೆ. ಮಾತುಕತೆ ಮುಗಿಯುವವರೆಗೆ ಯುಪಿಐ ಆ್ಯಪಿನಲ್ಲಿ ಆಟೋಪೇ ನಿಲ್ಲಿಸಿಡುವುದು ಒಳ್ಳೆಯದು.

ಈಗ ಬಿಲ್. ಜಾಹೀರಾತಿನಲ್ಲಿ ಕಾಣುವ ದರಕ್ಕೆ ಶೇ 18 ಜಿಎಸ್‌ಟಿ ಸೇರುತ್ತದೆ. 499 ಎಂದರೆ ಕೈಯಿಂದ ಹೋಗುವುದು 588.82, 799 ಎಂದರೆ 942.82. ಇಬ್ಬರ ದರ ಹೋಲಿಸುವಾಗ ಒಬ್ಬರದು ತೆರಿಗೆ ಬಿಟ್ಟು, ಇನ್ನೊಬ್ಬರದು ತೆರಿಗೆ ಹಿಡಿದು ಇದ್ದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ಮೋಡೆಮ್ ಬಾಡಿಗೆ, ಲ್ಯಾಂಡ್‌ಲೈನ್, ಒಟಿಟಿ ಪ್ಯಾಕ್ ಹೀಗೆ ಬೇರೆ ಯಾವ ಸಾಲುಗಳಿವೆ ನೋಡಿ. ಪ್ಲಾನಿನ ಜೊತೆ ಬಂದ ಒಟಿಟಿ ಕೆಲವೊಮ್ಮೆ ಮೊಬೈಲಿನಲ್ಲಿ ಮಾತ್ರ ನೋಡುವಂಥದ್ದಾಗಿರುತ್ತದೆ. ಅದೇ ಒಟಿಟಿ ನಿಮ್ಮ ಫೋನ್ ರೀಚಾರ್ಜಿನ ಜೊತೆಗೂ ಬಂದಿದ್ದರೆ ಎರಡು ಕಡೆ ದುಡ್ಡು ಕೊಟ್ಟಂತಾಯಿತು. 799ರಿಂದ 499ಕ್ಕೆ ಇಳಿದರೆ ತೆರಿಗೆ ಹಿಡಿದು ತಿಂಗಳಿಗೆ 354, ವರ್ಷಕ್ಕೆ 4,248 ರೂಪಾಯಿ ಉಳಿತಾಯ. ಪ್ರಶ್ನೆ ಇರುವುದು, ಇಳಿದರೆ ನೆಟ್ ಸಾಕಾಗುತ್ತದೆಯೇ ಎಂಬುದು.

ಬಹುತೇಕ ಮನೆಗಳಿಗೆ ಸಾಕಾಗುತ್ತದೆ. ನೆಟ್ ಸ್ಪೀಡನ್ನು ಅಳೆಯುವುದು ಎಂಬಿಪಿಎಸ್‌ನಲ್ಲಿ. ಎಚ್‌ಡಿ ವಿಡಿಯೊ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಬೇಕು, ವಿಡಿಯೊ ಕರೆಗೆ 3ರಿಂದ 4. ನಾಲ್ಕು ಜನರ ಮನೆಯಲ್ಲಿ ಎಲ್ಲರೂ ಏಕಕಾಲಕ್ಕೆ ಕೂತರೂ 20-25 ದಾಟುವುದು ಅಪರೂಪ. 4ಕೆ ಟಿವಿ ಇದ್ದರೆ ಅದಕ್ಕೆ ಇನ್ನೊಂದು 15ರಿಂದ 25 ಸೇರಿಸಿ. 50 ಎಂಬಿಪಿಎಸ್ ಲೈನ್ ಸರಿಯಾಗಿ ಬಂದರೆ ಇದಕ್ಕೆಲ್ಲ ಸಾಲುತ್ತದೆ. 'ಅನ್‌ಲಿಮಿಟೆಡ್' ಎಂಬ ಮಾತಿಗೂ ಮಿತಿ ಇದೆ. ತಿಂಗಳಿಗೆ 3,300 ಜಿಬಿ ಇದ್ದರೆ ದಿನಕ್ಕೆ 110 ಜಿಬಿ ಆಯಿತು, ಅದನ್ನು ಮುಟ್ಟುವ ಮನೆ ವಿರಳ. ಮಿತಿ ಇನ್ನೂ ಕಡಿಮೆ ಇದ್ದರೆ, ಅದು ಮುಗಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

"ನೆಟ್ ಸ್ಲೋ ಐತ್ರಿ" ಎಂದು ದೂರಿದರೆ ಎಷ್ಟೋ ಸಲ ಸಿಗುವ ಉತ್ತರ "ದೊಡ್ಡ ಪ್ಲಾನ್ ಹಾಕಸ್ರಿ" ಎಂಬುದು. ಒಪ್ಪುವ ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದ ನೇರವಾಗಿ ಮೋಡೆಮ್‌ಗೆ ಸೇರಿಸಿ, ಬೇರೆ ಎಲ್ಲ ಫೋನುಗಳ ವೈಫೈ ಬಂದ್ ಮಾಡಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ. ವೈರಿನಲ್ಲಿ ಪೂರ್ತಿ ಸ್ಪೀಡ್ ಬಂದು ಒಳಕೋಣೆಯ ಫೋನಿನಲ್ಲಿ ಮಾತ್ರ 20 ಬಂದರೆ ಪ್ಲಾನಿನ ತಪ್ಪಲ್ಲ. ಧಾರವಾಡದ ಮಾಳಮಡ್ಡಿ ಕಡೆಯ ಹಳೆಯ ಮನೆಗಳ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೋತಿರುತ್ತದೆ. ಅಲ್ಲಿ 200 ಎಂಬಿಪಿಎಸ್ ಹಾಕಿಸಿದರೂ ಫಲ ಅಷ್ಟೇ. ಮೋಡೆಮ್ ಅನ್ನು ಮನೆಯ ನಡುವಿಗೆ ತರುವುದು, ಹತ್ತಿರ ಇದ್ದಾಗ 5 ಗಿಗಾಹರ್ಟ್ಸ್ ವೈಫೈ (ವೇಗ ಹೆಚ್ಚು, ತಲುಪುವ ದೂರ ಕಡಿಮೆ) ಬಳಸುವುದು, ಒಳಕೋಣೆಗೆ ಒಂದು ಲ್ಯಾನ್ ವೈರ್ ಎಳೆದು ಇನ್ನೊಂದು ರೌಟರ್ ಇಡುವುದು, ಇವು ಒಂದೇ ಸಲದ ಖರ್ಚು. ಹಳೆಯ ರೌಟರಿನ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿದ್ದರೆ ಅದರಿಂದ 95ರ ಮೇಲೆ ಬರುವುದೇ ಇಲ್ಲ, ನೀವು 300ಕ್ಕೆ ದುಡ್ಡು ಕಟ್ಟಿದರೂ.

ವೈರಿನಲ್ಲೂ ಸ್ಪೀಡ್ ಬರದಿದ್ದರೆ, ಲೈನ್ ಪದೇ ಪದೇ ಕಡಿದು ಹೋಗುತ್ತಿದ್ದರೆ, ಆಪರೇಟರ್ ಕಡೆಯ ಹುಡುಗರು ಬಂದಾಗ ಫೈಬರ್ ವೈರಿನಲ್ಲಿ ಮೋಡೆಮ್‌ಗೆ ಬರುವ ಬೆಳಕಿನ ಪವರ್ ಅಳೆಯಲು ಹೇಳಿ. ಅದನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ, ಮೈನಸ್ ಲೆಕ್ಕದಲ್ಲಿ ಬರುತ್ತದೆ: -20ರ ಆಸುಪಾಸು ಒಳ್ಳೆಯದು, -27 ಎಂದರೆ ಅಂಚಿಗೆ ಬಂದಂತೆ. ನಮ್ಮಲ್ಲಿ ಫೈಬರ್ ಬಹಳಷ್ಟು ಕಡೆ ಕಂಬದಿಂದ ಕಂಬಕ್ಕೆ ತೂಗಾಡುತ್ತ ಬರುತ್ತದೆ. ಕಿಟಕಿ ಸಂದಿಯಲ್ಲಿ ಚೂಪಾಗಿ ಮಡಚಿದ್ದರೆ, ಜೋಡಿಸಿದ ಕಡೆ ಧೂಳು ಸೇರಿದ್ದರೆ ಪವರ್ ಸೋರುತ್ತದೆ. ಇದನ್ನು ರಿಪೇರಿ ಮಾಡಿಕೊಡುವುದು ಅವರ ಕೆಲಸ, ಅದಕ್ಕಾಗಿ ನೀವು ದೊಡ್ಡ ಪ್ಲಾನ್ ಕೊಳ್ಳಬೇಕಾಗಿಲ್ಲ.

ಟಿವಿಯ ಲೆಕ್ಕ ಬೇರೆ. ಅಲ್ಲಿ ಎರಡು ಭಾಗ: ಆಪರೇಟರ್ ಪಡೆಯುವ ನೆಟ್‌ವರ್ಕ್ ಶುಲ್ಕ ಮತ್ತು ಚಾನೆಲ್‌ಗಳ ಬೆಲೆ. 2019ರಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಜಾರಿಗೆ ತಂದ ಪದ್ಧತಿಯಲ್ಲಿ ನೆಟ್‌ವರ್ಕ್ ಶುಲ್ಕಕ್ಕೆ ಮಿತಿ ಇತ್ತು. 2020ರ ತಿದ್ದುಪಡಿಯ ನಂತರ 200 ಚಾನೆಲ್‌ವರೆಗೆ 130 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 160. 2024ರ ಜುಲೈನಲ್ಲಿ ಆ ಮಿತಿ ತೆಗೆದರು. ಈಗ ಶುಲ್ಕ ಎಷ್ಟೆಂದು ಆಪರೇಟರೇ ನಿರ್ಧರಿಸಿ ಪ್ರಕಟಿಸಬೇಕು. ಇದರಿಂದ ದರ ಏರಲೂಬಹುದು, ಮಾತಾಡಿದರೆ ಇಳಿಯಲೂಬಹುದು. 153.40 ರೂಪಾಯಿ, ಅಂದರೆ 130ಕ್ಕೆ ತೆರಿಗೆ ಸೇರಿದ ಮೊತ್ತ, ಈಗಲೂ ಒಳ್ಳೆಯ ಅಳತೆಗೋಲು. ಮನೆಯಲ್ಲಿ ಎರಡನೇ ಟಿವಿ ಇದ್ದರೆ ಅದಕ್ಕೆ ಪೂರ್ತಿ ಶುಲ್ಕ ಒಪ್ಪಬೇಡಿ, ಮಿತಿ ಇದ್ದಾಗ ಅದು ಮೊದಲ ಟಿವಿಯ ಶುಲ್ಕದ ಶೇ 40 ಮೀರುವಂತಿರಲಿಲ್ಲ.

ಚಾನೆಲ್ ಆರಿಸುವಾಗ ಒಂದು ವಾರ ಮನೆಯಲ್ಲಿ ನಿಜವಾಗಿ ಏನು ನೋಡುತ್ತಾರೆಂದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಚಂದನಕ್ಕೆ ದುಡ್ಡಿಲ್ಲ, ಕನ್ನಡದ ಹಲವು ಸುದ್ದಿ ಚಾನೆಲ್‌ಗಳಿಗೂ ಇಲ್ಲ. ಉಳಿದವು ಎಷ್ಟು? 19 ರೂಪಾಯಿಯ ಎರಡು ಚಾನೆಲ್ ಮಾತ್ರ ಬೇಕಿದ್ದರೆ 38, ಬಿಡಿಯಾಗಿ ಕೊಳ್ಳುವುದೇ ಲಾಭ. ಅಂಥ ಐದು ಬೇಕಿದ್ದರೆ 95. ಅವೈದೂ ಒಂದೇ ಗುಚ್ಛದಲ್ಲಿದ್ದು (ಹಲವು ಚಾನೆಲ್‌ಗಳ ಪ್ಯಾಕ್) ಆ ಗುಚ್ಛ 60ಕ್ಕೆ ಸಿಕ್ಕರೆ ಗುಚ್ಛವೇ ಅಗ್ಗ. ಬಿಡಿ ಚಾನೆಲ್ ಯಾವಾಗಲೂ ಸೋವಿ ಎಂಬ ನಂಬಿಕೆ ತಪ್ಪು. ಕ್ರಿಕೆಟ್ಟಿಗಾಗಿ ಹಾಕಿಸಿದ ಸ್ಪೋರ್ಟ್ಸ್ ಚಾನೆಲ್ ಸರಣಿ ಮುಗಿದ ಮೇಲೂ ವರ್ಷಗಟ್ಟಲೆ ಬಿಲ್ಲಿನಲ್ಲಿ ಉಳಿದಿರುತ್ತದೆ, ಮೊದಲು ಅದನ್ನು ತೆಗೆಸಿ.

ಇಷ್ಟಾದ ಮೇಲೆ ಆಪರೇಟರಿಗೆ ಫೋನ್ ಮಾಡಿ. ಬರೀ "ಕಡಿಮೆ ಮಾಡ್ರಿ" ಅಂದರೆ ಹತ್ತಿಪ್ಪತ್ತು ರೂಪಾಯಿ ಇಳಿಸಿ ಮಾತು ಮುಗಿಸುತ್ತಾರೆ. ಹೀಗೆ ಕೇಳಿ: "ಅಣ್ಣಾರ, ನಮ್ಮ ಪ್ಲಾನ್ 18ಕ್ಕ ಮುಗೀತೈತಿ. ಮಗ್ಗಲ ಮನಿಗೆ ಇದ ಸ್ಪೀಡಿಗೆ ಟ್ಯಾಕ್ಸ್ ಹಿಡದು 590 ಹೇಳ್ಯಾರ. ನೀವು ಎಷ್ಟಕ್ಕ ಕೊಡ್ತೀರಿ, ವಾಟ್ಸಾಪಿಗೆ ಬರದು ಕಳಸ್ರಿ." ಸುಳ್ಳು ದರ ಹೇಳಬೇಡಿ. ನಿಮ್ಮ ಓಣಿಗೆ ಯಾರ ಲೈನ್ ಬಂದಿದೆ, ಯಾರದು ಎಷ್ಟು ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

"ಕಂಪನಿ ರೇಟ್ ರೀ, ನಮ್ಮ ಕೈಯಾಗ ಏನಿಲ್ಲ" ಎಂಬ ಉತ್ತರ ಬರುತ್ತದೆ. ಅದು ಅರ್ಧ ನಿಜ. ಚಾನೆಲ್ ಬೆಲೆ, ತೆರಿಗೆ ಅವರ ಕೈಯಲ್ಲಿಲ್ಲ. ಮೋಡೆಮ್ ಬಾಡಿಗೆ ಬಿಡುವುದು, ಒಂದು ತಿಂಗಳು ಹೆಚ್ಚಿಗೆ ಕೊಡುವುದು, ಹಳೆಯ ರೌಟರ್ ಬದಲಿಸಿಕೊಡುವುದು ಅನೇಕ ಸಲ ಅವರ ಕೈಯಲ್ಲೇ ಇರುತ್ತದೆ. ಹೊಸ ಗ್ರಾಹಕನಿಗಾದರೆ ಕಂಬದಿಂದ ಮನೆಗೆ ಹೊಸ ವೈರ್ ಎಳೆಯಬೇಕು, ಮೋಡೆಮ್ ಕೊಡಬೇಕು, ಇಬ್ಬರು ಹುಡುಗರ ಅರ್ಧ ದಿನ ಹೋಗುತ್ತದೆ. ಹಳೆಯ ಗ್ರಾಹಕನಿಗೆ ಆ ಖರ್ಚಿಲ್ಲ. ಹಾಗಿದ್ದಮೇಲೆ ಹೊಸಬರಿಗೆ ಕೊಡುವ ದರವನ್ನು ಹಳಬರು ಕೇಳುವುದು ಪೂರ್ತಿ ನ್ಯಾಯ, ಸಂಕೋಚ ಬೇಡ. ಅಪಾರ್ಟ್‌ಮೆಂಟಿನಲ್ಲಿ ಎಂಟು-ಹತ್ತು ಮನೆಯವರು ಕೂಡಿ ಕೇಳಿದರೆ ಮಾತಿಗೆ ಇನ್ನೂ ತೂಕ.

ವರ್ಷದ ಪ್ಲಾನ್ ಬಗ್ಗೆ ಅವಸರ ಬೇಡ. 12 ತಿಂಗಳ ದುಡ್ಡಿಗೆ 14 ತಿಂಗಳು ಎಂದರೆ, ತಿಂಗಳಿಗೆ 500ರ ಲೆಕ್ಕದಲ್ಲಿ 6,000 ಕಟ್ಟಿ ತಿಂಗಳಿಗೆ 429ಕ್ಕೆ ಸಿಕ್ಕಂತೆ. ಆದರೆ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಓದುವ ಹುಡುಗರು 11 ತಿಂಗಳಿಗೆ ಬಿಟ್ಟು ಹೋದರೆ ತಿಂಗಳಿಗೆ 545 ಬಿತ್ತು. ಅವರಿಗೆ ಮೂರು ತಿಂಗಳದ್ದೇ ಸರಿ. ಸ್ವಂತ ಮನೆಯವರೂ ಲೈನನ್ನು ಒಂದು ಮಳೆಗಾಲ ಕಂಡ ಮೇಲೆ ವರ್ಷದ್ದು ಕಟ್ಟುವುದು ಕ್ಷೇಮ. 

ದುಡ್ಡು ಯಾರ ಹೆಸರಿಗೆ ಹೋಗುತ್ತಿದೆ ಎಂದು ಪ್ರತಿ ಸಲ ನೋಡಿ. ಹುಡುಗನ ಸ್ವಂತ ನಂಬರಿಗೆ ಕಳಿಸಿ ಬಿಲ್ ಪಡೆಯದಿದ್ದರೆ ಮುಂದೆ ದೂರು ಕೊಡಲು ಆಧಾರ ಸಾಲದು. ತೆರಿಗೆ ಹಾಕಿದ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಲೇಬೇಕು. ಬ್ಯಾಡಗಿಯ ದಲ್ಲಾಳಿ ಅಂಗಡಿಯವರು, ಹುಬ್ಬಳ್ಳಿ ದುರ್ಗದಬೈಲಿನ ವ್ಯಾಪಾರಿಗಳು ಅಂಗಡಿಯ ಇಂಟರ್‌ನೆಟ್ ಬಿಲ್ಲಿಗೆ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿದರೆ ಆ ಶೇ 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು.

ದೂರು ಕೊಟ್ಟಾಗ ನಂಬರ್ ಬರೆದಿಟ್ಟುಕೊಳ್ಳಿ. ಕಾಲ್ ಸೆಂಟರಿನಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಕೊನೆಗೆ ಕಂಪನಿ ಬದಲಿಸುವುದೇ ಆದರೆ ಹೊಸ ಲೈನ್ ಎರಡು ದಿನ ಸರಿಯಾಗಿ ನಡೆದ ಮೇಲೆ ಹಳೆಯದನ್ನು ಬಿಡಿಸಿ. ಮೋಡೆಮ್ ಜೊತೆ ಅಡಾಪ್ಟರನ್ನೂ ವಾಪಸ್ ಕೊಟ್ಟು, ಮೋಡೆಮ್ ಹಿಂದಿನ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ. ಅಡಾಪ್ಟರ್ ಬಂದಿಲ್ಲವೆಂದು ಡಿಪಾಸಿಟ್ ಹಿಡಿಯುವುದುಂಟು. ಕೊಡುವ ಮುಂಚೆ ಎರಡನ್ನೂ ಟೇಬಲ್ ಮೇಲಿಟ್ಟು ಒಂದು ಫೋಟೊ ತೆಗೆದುಕೊಳ್ಳಿ.